ಟೀವಿಯ ನಾಗಿಣಿ, ಸೂಡಿಯ ನಾಗಕುಂಡ

ಸಂಜೆಯ ದೀಪ ಹಚ್ಚಿ, ರೊಟ್ಟಿ ಬಡಿದು ಮುಗಿಸಿ, ಮಕ್ಕಳಿಗೆ ಬಡಿಸುವ ಹೊತ್ತಿಗೆ ಪಡಸಾಲೆಯಿಂದ ಪುಂಗಿಯ ಸದ್ದು ಬಂತೆನ್ನಿ. ಹಿಂದಿನ ಕಾಲವಾಗಿದ್ದರೆ ಹಾವಾಡಿಗ ಬಂದನೆಂದು ಎಲ್ಲರೂ ಬಾಗಿಲಿಗೆ ಓಡುತ್ತಿದ್ದರು. ಈಗ ಓಡುವುದು ಟೀವಿಯ ಮುಂದೆ! ಸಾರಿನ ಸೌಟು ಕೈಯಲ್ಲೇ ಇರುತ್ತದೆ, ಅತ್ತೆಯವರ ಜಪದ ಸರ ಅರ್ಧಕ್ಕೇ ನಿಂತಿರುತ್ತದೆ. ಪರದೆಯ ಮೇಲೆ ಎಳೆವಯಸ್ಸಿನ ಸೊಸೆಯೊಬ್ಬಳು ಕನ್ನಡಿಯ ಎದುರು ನಿಂತಿದ್ದಾಳೆ. ಹೊರಗೆ ಹುಣ್ಣಿಮೆ. ಅವಳ ಕಣ್ಣು ಹಸಿರಾಗುತ್ತದೆ, ಸೀರೆಯ ನೆರಿಗೆಯ ಕೆಳಗೆ ಬಾಲ ಸರಿದಾಡುತ್ತದೆ. ಬಾಗಿಲ ಸಂದಿಯಿಂದ ಯಾರೋ ನೋಡಿಬಿಟ್ಟರು! ಅಷ್ಟರಲ್ಲಿ ಕಂತು ಮುಗಿಯುತ್ತದೆ. ಇನ್ನು ನಾಳೆಯವರೆಗೆ ಕಾಯಬೇಕು.

ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ‘ನಾಗಿಣಿ’ ಆರಂಭವಾದಾಗ ಎಷ್ಟೋ ಮನೆಗಳಲ್ಲಿ ಇದೇ ಕಥೆ. ದೀಪಿಕಾ ದಾಸ್ ಅಮೃತಾ ಆಗಿ, ದೀಕ್ಷಿತ್ ಶೆಟ್ಟಿ ಅರ್ಜುನ್ ಆಗಿ ಮನೆಮಾತಾದರು. 2020ರಲ್ಲಿ ಎರಡನೆಯ ‘ನಾಗಿಣಿ’ಯೂ ಬಂತು, ಅದರಲ್ಲಿ ನಮ್ರತಾ ಗೌಡ. ಇವೆರಡೂ ಮುಗಿದು ಹೋದರೂ ನಾಗಿಣಿಯರ ಸಂತತಿ ಮುಗಿಯುವಂಥದ್ದಲ್ಲ. ನಮ್ಮ ಅಮ್ಮಂದಿರು 1954ರ ಹಿಂದಿ ‘ನಾಗಿನ್’ ಚಿತ್ರದ ಪುಂಗಿಯ ರಾಗ ಕೇಳಿದವರು, ನಾವು 1986ರ ‘ನಗೀನಾ’ದಲ್ಲಿ ಶ್ರೀದೇವಿಯ ಕಣ್ಣು ನೋಡಿ ಬೆಚ್ಚಿದವರು, ನಮ್ಮ ಮಕ್ಕಳು ಟೀವಿಯ ಸರದಿಯವರು.

ಇದೆಲ್ಲ ಸುಳ್ಳು, ನೋಡಬೇಡಿ ಎಂದು ಉಪದೇಶಿಸಲು ನಾನು ಲೇಖನಿ ಹಿಡಿದಿಲ್ಲ. ದಿನವಿಡೀ ದುಡಿದ ಹೆಣ್ಣುಮಗಳು ಅರ್ಧ ತಾಸು ಕಾಲು ಚಾಚಿ ಕುಳಿತು ಕಥೆ ನೋಡಿದರೆ ಯಾರಪ್ಪನ ಗಂಟು ಹೋಯಿತು? ನನ್ನ ಮಾತು ಬೇರೆ. ಈ ರಜೆಯಲ್ಲಿ ನಿಮ್ಮನ್ನು ಗದಗ ಜಿಲ್ಲೆಯ ಮೂರು ಊರುಗಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ: ನರಗುಂದ, ರೋಣ, ಗಜೇಂದ್ರಗಡ. ನಾಗಪ್ಪನಿಗೆ ಮನಸಾರೆ ಹಾಲೆರೆಯುವ ಸೀಮೆ ಇದು, ನಿಜವಾದ ಹಾವು ದಿನವೂ ಕಾಲಡಿಗೆ ಸಿಗುವ ಸೀಮೆಯೂ ಹೌದು. ಟೀವಿಯ ನಾಗಿಣಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬನ್ನಿ. ಸೇಡು, ಶಕ್ತಿ, ಪವಾಡ ಎಲ್ಲವೂ ದಾರಿಯಲ್ಲಿ ಸಿಗುತ್ತವೆ.

ನರಗುಂದದ ಗುಡ್ಡದ ಕೆಳಗೆ

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿ ಹಿಡಿದರೆ ಸುಮಾರು 55 ಕಿ.ಮೀ. ದೂರದಲ್ಲಿ ನರಗುಂದ. ದಾರಿಯುದ್ದಕ್ಕೂ ಎರೆ ಭೂಮಿ. ಕಾಡಿಗೆ ಬಳಿದಂಥ ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಗಿಡ ಮರ ಕಡಿಮೆ. ಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತಂತೆ ಗುಡ್ಡ ಕಾಣಿಸಿತೆಂದರೆ ಊರು ಬಂತೆಂದು ತಿಳಿಯಿರಿ. ಗುಡ್ಡದ ಮೇಲೆ ಕೋಟೆ. ಶಿವಾಜಿಯ ಕಾಲದ್ದೆಂದು ಹೇಳುತ್ತಾರೆ. ಮುಂಜಾನೆಯ ತಂಪಿನಲ್ಲೇ ಹತ್ತಿಬಿಡಿ. ಬಿಸಿಲು ಏರಿದ ಮೇಲೆ ಕಲ್ಲು ಕಾದು ಕಾಲು ಸುಡುತ್ತದೆ.

ಧಾರಾವಾಹಿಯ ನಾಗಿಣಿ ತನ್ನವರನ್ನು ಕೊಂದವರ ಮೇಲೆ ಸೇಡು ತೀರಿಸಲು ನೂರಾರು ಕಂತು ತೆಗೆದುಕೊಳ್ಳುತ್ತಾಳೆ. ನರಗುಂದದ ಕಥೆ ಎರಡೇ ವಾರಗಳಲ್ಲಿ ಮುಗಿದುಹೋಯಿತು. ಇಲ್ಲಿಯ ಸಂಸ್ಥಾನಿಕ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ಮಕ್ಕಳಿಲ್ಲದ ಕಾರಣ ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಇಂಗ್ಲಿಷ್ ಸರಕಾರ ಒಪ್ಪಲಿಲ್ಲ. ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ರಾಜ್ಯವನ್ನೇ ಕಿತ್ತುಕೊಳ್ಳುವ ಕಾಲ ಅದು! 1858ರ ಮೇ ತಿಂಗಳ ಕೊನೆಯಲ್ಲಿ, ಸುರೇಬಾನದ ಹತ್ತಿರ ಬೀಡುಬಿಟ್ಟಿದ್ದ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಬಾಬಾಸಾಹೇಬನ ಜನ ರಾತ್ರಿ ಮುತ್ತಿ ಕೊಂದರು. ಅವನ ರುಂಡವನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ ಮೊದಲ ವಾರಕ್ಕಾಗಲೇ ಕೋಟೆ ಇಂಗ್ಲಿಷರ ವಶ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಇಷ್ಟನ್ನು ಶಾಲೆಯ ಪುಸ್ತಕ ಹೇಳುತ್ತದೆ. ಆ ಮನೆಯ ಹೆಂಗಸರ ಗತಿ ಏನಾಯಿತೆಂದು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು. ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ.

ಗುಡ್ಡದ ಮೇಲೆ ನಿಂತು ಮಲಪ್ರಭೆಯ ದಿಕ್ಕಿಗೆ ಮುಖ ಮಾಡಿದಾಗ ಇದನ್ನು ನೆನೆಯಿರಿ. ಅನ್ಯಾಯಕ್ಕೆ ಒಳಗಾದ ಹೆಣ್ಣಿಗೆ ಟೀವಿಯವರು ಹೆಡೆ ಕೊಡುತ್ತಾರೆ, ವಿಷ ಕೊಡುತ್ತಾರೆ, ಬೇಕಾದಾಗ ರೂಪ ಬದಲಿಸುವ ವರ ಕೊಡುತ್ತಾರೆ. ನರಗುಂದದ ಆ ಇಬ್ಬರಿಗೆ ಹೊಳೆಯೊಂದೇ ಸಿಕ್ಕಿತು. ನಾಗಿಣಿಯ ಕಥೆಯನ್ನು ಹೆಣ್ಣುಮಕ್ಕಳು ಕಣ್ಣು ಮಿಟುಕಿಸದೆ ನೋಡುವುದೇಕೆಂದು ನನಗೆ ಅಲ್ಲಿಯೇ ಅರ್ಥವಾಯಿತು. ಬಾಯಿಗೆ ಬಂದ ಸಿಟ್ಟನ್ನು ಹಲ್ಲು ಕಚ್ಚಿ ನುಂಗಿದವರೆಲ್ಲ ತಮ್ಮ ಪರವಾಗಿ ಯಾರಾದರೂ ಒಬ್ಬಳು ಬುಸ್ ಎನ್ನಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ?

ಇದೇ ಊರು 1980ರ ಜುಲೈ 21ರ ರೈತ ಚಳವಳಿಯ ಊರೂ ಹೌದು. ಮಲಪ್ರಭೆಯ ಕಾಲುವೆ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲೀಬಾರ್ ಆಯಿತು. ಇಂದಿಗೂ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ, ಗಿರಮಿಟ್ಟು ತಿಂದು ಮುಂದೆ ಹೊರಡೋಣ ಬನ್ನಿ.

ರೋಣದ ಹಾದಿ, ಪಂಚಮಿಯ ಉಂಡಿ

ನರಗುಂದದಿಂದ ಪೂರ್ವಕ್ಕೆ ರೋಣ ಸುಮಾರು 40 ಕಿ.ಮೀ. ಹೆಸರು ದ್ರೋಣಾಚಾರ್ಯರಿಂದ ಬಂತೆಂದು ಊರವರು ಹೇಳುತ್ತಾರೆ. ಊರಲ್ಲಿ ಹಳೆಯ ಕಲ್ಲಿನ ಗುಡಿಗಳಿವೆ. ರೈಲಿನಲ್ಲಿ ಬರುವವರು ಗದಗ–ಬಾದಾಮಿ ದಾರಿಯ ಮಲ್ಲಾಪುರದಲ್ಲೋ ಹೊಳೆಆಲೂರಿನಲ್ಲೋ ಇಳಿದು ಬಸ್ಸು ಹಿಡಿಯಬಹುದು. ಆದರೆ ಈ ದಾರಿಯ ನಿಜವಾದ ನೋಟ ಹೊಲಗಳದ್ದು: ಮುಂಗಾರಿನಲ್ಲಿ ಹೆಸರು, ಶೇಂಗಾ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿ.

ಶ್ರಾವಣದಲ್ಲಿ ಬಂದರಂತೂ ಪುಣ್ಯ. ದಕ್ಷಿಣದ ಕಡೆಯ ನಮ್ಮ ಓದುಗಿಯರಿಗೆ ನಾಗರಪಂಚಮಿ ಎಂದರೆ ಒಂದು ದಿನದ ಪೂಜೆ. ಇಲ್ಲಿ ಹಾಗಲ್ಲರೀ, ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಮದುವೆಯಾಗಿ ಹೋದವಳನ್ನು ಕರೆತರಲು ಅಣ್ಣನೋ ತಮ್ಮನೋ ಬರಲೇಬೇಕು. ಒಂದು ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಕಟಿರೊಟ್ಟಿ, ನಾಲ್ಕೈದು ಬಗೆಯ ಪಲ್ಯ, ಚಟ್ನಿಪುಡಿ ಎಲ್ಲ ಮನೆಯಿಂದ ಮನೆಗೆ ಹೋಗುತ್ತವೆ. ಚೌತಿ, ಪಂಚಮಿಗಳಲ್ಲಿ ನಾಗಪ್ಪನಿಗೆ ಹಾಲು. ಕಲ್ಲಿನ ನಾಗರಕ್ಕೆ, ಹುತ್ತದ ಮಣ್ಣಿನ ನಾಗಪ್ಪನಿಗೆ ಬೆಲ್ಲದ ನೀರು, ಹಾಲು ಎರೆಯುತ್ತ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಬಳಗದವರೆಲ್ಲರ ಹೆಸರು ಹೇಳುತ್ತಾರೆ. ಆಮೇಲೆ ಜೋಕಾಲಿ! ಬೇವಿನ ಟೊಂಗೆಗೆ ಮಿಣಿ ಕಟ್ಟಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಜೀಕುವವರೇ.

ಹಬ್ಬದ ದಿನ ನೆಲ ಅಗೆಯಬಾರದು, ಹೆಂಚು ಒಲೆಯ ಮೇಲಿಡಬಾರದು ಎಂಬ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಹುತ್ತದ ಜೀವಕ್ಕೆ ನೋವಾಗದಿರಲಿ ಎಂಬ ಕಕ್ಕುಲತೆ. ಅದಕ್ಕೇ ಉಂಡಿಗಳನ್ನು ಮೊದಲೇ ಕಟ್ಟಿಡುತ್ತಾರೆ: ಎಳ್ಳುಂಡಿ, ರವೆಉಂಡಿ, ಬೇಸನ್ ಉಂಡಿ, ಅಳ್ಳಿಟ್ಟು, ತಂಬಿಟ್ಟು. ಎಲ್ಲಕ್ಕಿಂತ ಸುಲಭದ ಶೇಂಗಾ ಉಂಡಿಯನ್ನು ನೀವೂ ಮಾಡಿ ನೋಡಿ. ಎರಡು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಆರಿದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ. ಒಂದು ಬಟ್ಟಲು ಕುಟ್ಟಿದ ಮೆತ್ತನೆಯ ಬೆಲ್ಲ, ನಾಲ್ಕು ಏಲಕ್ಕಿ ಸೇರಿಸಿ ಒರಳಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕಾಳಿನ ಎಣ್ಣೆ ಬಿಟ್ಟುಕೊಂಡು ಬೆಲ್ಲ ಕರಗಿ ಅಂಟು ಬಂದಾಗ ಬಿಸಿ ಕೈಯಲ್ಲೇ ಉಂಡಿ ಕಟ್ಟಿ. ಪಾಕ ಹಿಡಿಯುವ ತಾಪತ್ರಯವಿಲ್ಲ, ಹಾಲು ತುಪ್ಪ ಏನೂ ಬೇಡ.

ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರವನ್ನು ಕಂಡರೆ ಬಡಿಗೆ ಹುಡುಕುವ ನಮ್ಮ ಸ್ವಭಾವವನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಎತ್ತಿ ಆಡಿದ್ದಾರೆ. ಆ ವಚನ ಈ ಸೀಮೆಯ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಈಗೀಗ ಪಂಚಮಿಯ ದಿನ ಶಾಲೆಯ ಮಕ್ಕಳಿಗೆ ಹಾಲು ಕುಡಿಸುವವರೂ ಹೆಚ್ಚಾಗಿದ್ದಾರೆ. ಹಬ್ಬದ ಸಂತೋಷ ಅದರಿಂದ ಒಂದು ತೊಲೆಯೂ ಕಡಿಮೆಯಾಗಿಲ್ಲ.

ಸೂಡಿಯ ಅರಸಿ

ರೋಣದಿಂದ ಗಜೇಂದ್ರಗಡದ ಕಡೆ ಹೋಗುವಾಗ ಸೂಡಿ ಎಂಬ ಹಳ್ಳಿ ಸಿಗುತ್ತದೆ. ಗಜೇಂದ್ರಗಡದಿಂದ ಹನ್ನೆರಡು ಕಿ.ಮೀ. ಆಸುಪಾಸು. ಬಾದಾಮಿ, ಪಟ್ಟದಕಲ್ಲಿಗೆ ಹೋಗುವ ಪ್ರವಾಸದ ಬಸ್ಸುಗಳು ಇತ್ತ ತಿರುಗುವುದು ಕಡಿಮೆ. ನೀವು ಮಾತ್ರ ತಪ್ಪಿಸಬೇಡಿ.

ಇಲ್ಲಿ ನೋಡಬೇಕಾದದ್ದು ನಾಗಕುಂಡ. ಹೆಸರು ಕೇಳಿ ಹುಡುಗರು ‘ನಾಗಿಣಿ ಇಲ್ಲೇ ಇರತಾಳೇನು?’ ಎಂದು ಕೇಳಿಯೇ ಕೇಳುತ್ತಾರೆ. ಹೆಡೆಯೂ ಇಲ್ಲ, ಮಣಿಯೂ ಇಲ್ಲ. ಇದು ನೆಲದೊಳಕ್ಕೆ ಇಳಿಸಿ ಕಟ್ಟಿದ ಕಲ್ಲಿನ ಹೊಂಡ. ಮೆಟ್ಟಿಲು ಇಳಿಯುತ್ತ ಹೋದಂತೆ ಒಳಗೋಡೆಯ ತುಂಬ ಪುಟ್ಟ ಪುಟ್ಟ ಗುಡಿಗಳ ಕೆತ್ತನೆ. ನೀರು ತರಲು ಬರುವ ಹೆಂಗಸರ ಕಣ್ಣಿಗೂ ಹಬ್ಬವಾಗಲಿ ಎಂದು ಆ ಶಿಲ್ಪಿಗಳು ಯೋಚಿಸಿದ್ದರೋ ಏನೋ! ಹತ್ತಿರದಲ್ಲೇ ಎರಡು ಶಿಖರಗಳ ಜೋಡುಕಳಸದ ಗುಡಿ. 1060ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ದಂಡನಾಯಕ ನಾಗದೇವ ಕಟ್ಟಿಸಿದ್ದು. ಮಲ್ಲಿಕಾರ್ಜುನನ ಗುಡಿ, ಒಂಟಿ ಮಂಟಪದೊಳಗೆ ಆಳೆತ್ತರದ ಗಣಪ, ದೊಡ್ಡ ಲಿಂಗ ಇವನ್ನೂ ನೋಡಿ.

ಈಗ ಕೇಳಿ ನಿಜವಾದ ಶಕ್ತಿವಂತೆಯ ಕಥೆ. ಈ ಸೂಡಿ ಹಿಂದೆ ಕಿಸುಕಾಡು ನಾಡಿನ ರಾಜಧಾನಿ. ಅದನ್ನು ಆಳಿದವಳು ಅಕ್ಕಾದೇವಿ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಅಕ್ಕರೆಯ ಸೋದರಿ. ಹನ್ನೊಂದನೆಯ ಶತಮಾನದಲ್ಲಿ ಹತ್ತಾರು ವರ್ಷ ರಾಜ್ಯಭಾರ ಮಾಡಿದಳು. 1047ರ ಸುಮಾರಿಗೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ತಾನೇ ಮುತ್ತಿಗೆ ಹಾಕಿದಳು. ಶಾಸನಗಳು ಅವಳನ್ನು ಯುದ್ಧದಲ್ಲಿ ಭೈರವಿ ಎಂದು ಕರೆದಿವೆ, ‘ಗುಣದ ಬೆಡಂಗಿ’ ಎಂಬ ಬಿರುದನ್ನೂ ಕೊಟ್ಟಿವೆ. ರಣದಲ್ಲಿ ಉಗ್ರೆ, ಗುಣದಲ್ಲಿ ಚೆಲುವೆ! ಗುಡಿಗಳಿಗೆ, ವಿದ್ಯೆಗೆ ದತ್ತಿ ಬಿಟ್ಟವಳು.

ರೂಪ ಬದಲಿಸದೆ, ಹುಣ್ಣಿಮೆಗೆ ಕಾಯದೆ, ಹಗಲು ಹೊತ್ತಿನಲ್ಲಿ ತನ್ನ ಹೆಸರಿನಲ್ಲೇ ಆಳಿದ ಈ ಹೆಣ್ಣಿನ ಬಗ್ಗೆ ಒಂದು ಧಾರಾವಾಹಿ ಬಂದರೆ ನಾನಂತೂ ಒಲೆ ಆರಿಸಿಯೇ ಕೂರುತ್ತೇನೆ. ನಿಮ್ಮ ಮಗಳು ಜೊತೆಗಿದ್ದರೆ ಕುಂಡದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಇಷ್ಟನ್ನಾದರೂ ಹೇಳಿ.

ಹಾವಿನ ಕಥೆ ಯಾರ ಕಥೆ?

ಹಾಗಾದರೆ ಹಾವಿನ ಕಥೆ ಬೇಡವೆ? ಬೇಕು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಿಮಗೆ ನೆನಪಿರಬಹುದು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಹಿಡಿದು ಬರೆದ ನಾಟಕ. 1997ರಲ್ಲಿ ಟಿ. ಎಸ್. ನಾಗಾಭರಣ ಅದನ್ನು ಚಲನಚಿತ್ರ ಮಾಡಿದರು. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಜಡಿದು ಹೋಗುತ್ತಾನೆ, ಉಣ್ಣಲಿಕ್ಕೆ ಬರುತ್ತಾನೆ, ಹೋಗುತ್ತಾನೆ. ಗಂಡನ ಮನಸ್ಸು ತಿರುಗಲೆಂದು ಕೊಟ್ಟ ಬೇರನ್ನು ಸಾರಿಗೆ ಹಾಕಿದ ರಾಣಿ, ಅದರ ಬಣ್ಣಕ್ಕೆ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗನಿಗೆ ಅವಳ ಮೇಲೆ ಪ್ರೀತಿ ಹುಟ್ಟಿ, ಗಂಡನ ರೂಪದಲ್ಲಿ ರಾತ್ರಿ ರಾತ್ರಿ ಬರುತ್ತಾನೆ. ಹಗಲಿನ ಗಂಡ ಒಬ್ಬ, ಇರುಳಿನ ಗಂಡ ಇನ್ನೊಬ್ಬ.

ಆ ನಾಟಕದ ಆರಂಭ ಇನ್ನೂ ಚೆಂದ. ರಾತ್ರಿ ಮನೆಗಳಲ್ಲಿ ದೀಪ ಆರಿಸಿದ ಮೇಲೆ ದೀಪದ ಜ್ಯೋತಿಗಳೆಲ್ಲ ಹಾಳು ಗುಡಿಯೊಂದರಲ್ಲಿ ಸೇರಿ, ತಂತಮ್ಮ ಮನೆಯ ಗುಟ್ಟು ಮಾತಾಡಿಕೊಳ್ಳುತ್ತವೆ. ಮನೆಯ ಗೃಹಿಣಿಯರು ಹೊರಗೆ ಹೇಳಲಾಗದ ಮಾತೆಲ್ಲ ಹೀಗೆ ಜ್ಯೋತಿಯ ಬಾಯಲ್ಲಿ ಬರುತ್ತದೆ. ಹಾವಿನ ಕಥೆಯೂ ಅಂಥದ್ದೇ. ಬೀಗ ಹಾಕಿದ ಬಾಗಿಲು, ಮಾತಾಡಿಸದ ಗಂಡ, ತವರಿನ ಹಂಬಲ, ನುಂಗಿದ ಸಿಟ್ಟು ಇವನ್ನು ನೇರವಾಗಿ ಹೇಳಲಾರದ ಅಜ್ಜಿಯರು ಹಾವಿನ ಹೆಸರಿನಲ್ಲಿ ಹೇಳಿದರು. ಟೀವಿಯ ನಾಗಿಣಿ ಎಷ್ಟೇ ಮಿಂಚುವ ಸೀರೆ ಉಟ್ಟರೂ ಆ ಅಜ್ಜಿಯರ ಮೊಮ್ಮಗಳೇ. ನಿಮ್ಮ ಮನೆಯ ಹರೆಯದ ಹುಡುಗಿ ಈ ಕಥೆಯನ್ನು ಬಾಯಿ ಬಿಟ್ಟು ನೋಡುತ್ತಿದ್ದರೆ ಗದರಬೇಡಿ. ಅವಳ ಮನಸ್ಸಿನಲ್ಲೂ ಏನಾದರೂ ಹೇಳಲಾಗದ್ದು ಇದೆಯೋ ಎಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ.

ಆದರೆ ಟೀವಿ ಆರಿಸಿ ಹಿತ್ತಲಿಗೆ ಹೋದಾಗ ಕಥೆಯ ಹಾವನ್ನು ಒಳಗೇ ಬಿಟ್ಟು ಹೋಗಬೇಕು. ಇದು ಈ ಲೇಖನದ ಮುಖ್ಯ ಮಾತು.

ಹೊಲದ ಹಾವು

ಹೊಲದ ಹಾವಿಗೆ ನಮ್ಮ ಸಂಸಾರದ ಗೊಡವೆಯಿಲ್ಲ. ಅದಕ್ಕೆ ಮಣಿಯಿಲ್ಲ. ಮುಖ ನೆನಪಿಟ್ಟು ಹನ್ನೆರಡು ವರ್ಷ ಕಾದು ಸೇಡು ತೀರಿಸುವಷ್ಟು ಮಿದುಳೂ ಇಲ್ಲ. ಹೊರಗಿವಿ ಇಲ್ಲದ ಅದು ತಲೆಯಾಡಿಸುವುದು ಪುಂಗಿಯ ಅಲುಗಾಟ ನೋಡಿ, ರಾಗಕ್ಕಲ್ಲ. ಹಾಲು ಅದರ ಆಹಾರವಲ್ಲ; ಬಾಯಾರಿಸಿ ಇಟ್ಟರೆ ಕುಡಿದೀತು, ಅರಗಿಸಿಕೊಳ್ಳಲಾರದು. ಬದುವಿನಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಂತರೆ ನಾಗ-ನಾಗಿಣಿಯರ ಸರಸ ಎಂದು ಕೈ ಮುಗಿಯುತ್ತೇವಲ್ಲ, ಅವು ಬಹುಮಟ್ಟಿಗೆ ಎರಡು ಗಂಡು ಕೇರೆಹಾವುಗಳು, ನಡೆದಿರುವುದು ಕುಸ್ತಿ! ಇಲಿ ತಿಂದು ಕಾಳು ಉಳಿಸುವ ಜೀವ ಅದು. 1972ರ ವನ್ಯಜೀವಿ ಕಾಯಿದೆಯಂತೆ ಹಿಡಿದು ಆಡಿಸುವುದೂ ಕೊಲ್ಲುವುದೂ ಅಪರಾಧ.

ಹಾಗೆಂದು ಅಪಾಯ ಸಣ್ಣದಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರ ಅಂದಾಜು. ವರ್ಷಕ್ಕೆ 58 ಸಾವಿರ. ಅವರಲ್ಲಿ ಬಹುಪಾಲು ಹಳ್ಳಿಯವರು, ಕಾಲು ಭಾಗ ಹದಿನೈದು ತುಂಬದ ಮಕ್ಕಳು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಈ ಸಾವುಗಳಲ್ಲಿ ಎಷ್ಟೋ ನಡೆಯುವುದು ಹಾವಿನ ವಿಷಕ್ಕಿಂತ ನಮ್ಮ ತಡದಿಂದ. ‘ನಾಗದೋಷ ಐತಿ, ಮೊದಲ ಮಂತ್ರಾ ಹಾಕಸೂಣು’ ಎಂದು ಎರಡು ತಾಸು ಕಳೆದರೆ ಆ ಎರಡು ತಾಸು ಮತ್ತೆ ಸಿಗುವುದಿಲ್ಲ. ವಿಷವಿಲ್ಲದ ಹಾವು ಕಚ್ಚಿದವರು ಮಂತ್ರದಿಂದ ಬದುಕಿದಂತೆ ಕಾಣುತ್ತಾರೆ. ಅದನ್ನು ನಂಬಿ ವಿಷದ ಹಾವು ಕಚ್ಚಿದವರನ್ನು ಕಳೆದುಕೊಳ್ಳುತ್ತೇವೆ.

ಈ ಕೆಳಗಿನ ಮಾತುಗಳನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರೂ ಚಿಂತೆಯಿಲ್ಲ:

ಕಚ್ಚಿದ ಕೂಡಲೇ ಕೈಯ ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಬಾವು ಬಂದ ಮೇಲೆ ಅವು ಹೊರಬರುವುದಿಲ್ಲ, ರಕ್ತದ ಓಟ ತಡೆಯುತ್ತವೆ. ಸೌಭಾಗ್ಯದ ಬಳೆ ತೆಗೆಯುವುದು ಹೇಗೆಂದು ಅನುಮಾನಿಸಬೇಡಿ. ಜೀವವಿದ್ದರೆ ನಾಳೆ ಹೊಸ ಬಳೆ ತೊಡಬಹುದು.

ಕಚ್ಚಿದವರನ್ನು ಓಡಿಸಬೇಡಿ, ನಡೆಸಬೇಡಿ. ಧೈರ್ಯ ಹೇಳಿ ಮಲಗಿಸಿ. ಮುರಿದ ಮೂಳೆಗೆ ಕಟ್ಟುವಂತೆ ಕೋಲು ಇಟ್ಟು ಆ ಕೈ ಅಥವಾ ಕಾಲು ಅಲುಗಾಡದಂತೆ ಮಾಡಿ.

ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸೊಪ್ಪು ಸದೆ ಹಚ್ಚಬೇಡಿ.

108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ದೊಡ್ಡ ಸರಕಾರಿ ಆಸ್ಪತ್ರೆಗೆ ಹೊರಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷಕ್ಕೂ ಒಂದೇ ಔಷಧಿ ಇದೆ, ಅಲ್ಲಿ ಉಚಿತ. ಹಾವನ್ನು ಹುಡುಕಿ ಕೊಂದು ಒಯ್ಯುವ ಅಗತ್ಯವಿಲ್ಲ.

ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಗಾಯವಾಗಲಿ ಕಾಣದೆ ಇರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದರೆ, ಕಣ್ಣಿನ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ಆಸ್ಪತ್ರೆಗೆ ಓಡಿ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿಸುವುದೇ ದೊಡ್ಡ ರಕ್ಷಣೆ.

ಕುಳ್ಳು, ಕಟ್ಟಿಗೆ, ಕಣಕಿಯ ಬಣವೆಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ. ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ, ಕಾಲಲ್ಲಿ ಮೆಟ್ಟು ಇರಲಿ.

ಗಜೇಂದ್ರಗಡದ ಪವಾಡ

ಸೂಡಿಯಿಂದ ಗಜೇಂದ್ರಗಡ ಹತ್ತಿರವಾದಂತೆ ಬಯಲು ಮುಗಿದು ಗುಡ್ಡದ ಸಾಲು ಎದುರಾಗುತ್ತದೆ. ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಆನೆ ಮಲಗಿದಂತೆ ಕಾಣುವ ಗುಡ್ಡದಿಂದ ಊರಿಗೆ ಈ ಹೆಸರೆಂದು ಜನ ಹೇಳುತ್ತಾರೆ. ಘೋರ್ಪಡೆ ಮನೆತನದ ಕೋಟೆ ಇಲ್ಲಿದೆ. ಟಿಪ್ಪು ಸುಲ್ತಾನನಿಗೂ ಮರಾಠರಿಗೂ 1787ರಲ್ಲಿ ಒಪ್ಪಂದವಾದ ಊರು ಇದೇ.

ಊರ ಹೊರಗೆ ಗುಡ್ಡದ ಕೊರಕಲಿಗೆ ಅಂಟಿಕೊಂಡಂತೆ ಕಾಲಕಾಲೇಶ್ವರನ ಗುಡಿ. ಮೆಟ್ಟಿಲು ಹತ್ತಿ ಹೋದರೆ ಬಂಡೆಯ ನಡುವಿನಿಂದ, ಮರದ ಬೇರಿನ ಬುಡದಿಂದ ನೀರು ಜಿನುಗುತ್ತದೆ. ಅದಕ್ಕೆ ಅಂತರಗಂಗೆ ಎನ್ನುತ್ತಾರೆ. ಇಲ್ಲಿಯದೊಂದು ಪವಾಡವನ್ನು ಭಕ್ತರು ಹೇಳುತ್ತಾರೆ: ಯುಗಾದಿಯ ಹಿಂದಿನ ರಾತ್ರಿ ಸುಣ್ಣದ ನೀರನ್ನೂ ಕುಂಚವನ್ನೂ ಗುಡಿಯಲ್ಲಿ ಇಟ್ಟು ಬಂದರೆ, ಬೆಳಗಾಗುವಷ್ಟರಲ್ಲಿ ಗುಡಿಗೆ ತಾನಾಗಿ ಸುಣ್ಣ ಬಳಿದಿರುತ್ತದಂತೆ. ಹಬ್ಬಕ್ಕೆ ಮನೆ ಸಾರಿಸಿ ಸುಣ್ಣ ಹಚ್ಚಿ ಸೊಂಟ ಹಿಡಿದುಕೊಂಡ ನಮಗೆ ಇದಕ್ಕಿಂತ ಚೆಂದದ ಪವಾಡ ಬೇರೆ ಯಾವುದಿದೆ ಹೇಳಿ! ಹೆದರಿಸದ, ಯಾರನ್ನೂ ಕೊಲ್ಲದ, ಕೆಲಸ ಹಂಚಿಕೊಳ್ಳುವ ಪವಾಡ. ಇಂಥವನ್ನು ನಂಬಿದರೂ ಸಂತೋಷ, ನಂಬದೆ ನಕ್ಕರೂ ಸಂತೋಷ; ಯಾರ ಜೀವಕ್ಕೂ ಕುತ್ತಿಲ್ಲ. ಯಾವ ಕಥೆಯನ್ನು ಎಷ್ಟು ನಂಬಬೇಕೆಂಬುದಕ್ಕೆ ನನಗೆ ತೋಚಿದ ಅಳತೆ ಇದೊಂದೇ.

ಹೊರಡುವ ಮುನ್ನ ನೇಕಾರರ ಓಣಿಗೆ ಹೋಗಿ ಪಟ್ಟೇದಂಚಿನ ಸೀರೆ ನೋಡಿ. ಗಟ್ಟಿ ಹತ್ತಿ ನೂಲಿನ ಮೈ, ಎದುರು ಬಣ್ಣದ ಅಗಲವಾದ ಅಂಚು, ಎರಡೂ ಬದಿ ಒಂದೇ ಸಮ. ಯಾವ ಬದಿ ಬೇಕಾದರೂ ಉಡಬಹುದು. ಹೊಲದ ಕೆಲಸದ ಹೆಂಗಸರು ಉಟ್ಟು ಉಟ್ಟು ಮೆತ್ತಗೆ ಮಾಡಿದ ಸೀರೆ ಇದು. ಅದರ ಮಿಂಚು ಕಣ್ಣಿಗೆ ಹೊಡೆಯುವುದಿಲ್ಲ, ಬಾಳಿಕೆ ಮಾತ್ರ ಬಹಳ. ಚೌಕಾಶಿ ಮಾಡುವಾಗ ಮಗ್ಗದ ಮುಂದೆ ಕೂತವರ ಬೆನ್ನನ್ನೂ ಸ್ವಲ್ಪ ನೆನೆಯಿರಿ.

ಹೋಗುವವರಿಗೆ ಎರಡು ಮಾತು

ಎರಡು ದಿನ ಇದ್ದರೆ ಸಾಕು. ಮೊದಲ ದಿನ ಬೆಳಿಗ್ಗೆ ನರಗುಂದದ ಗುಡ್ಡ, ಮಧ್ಯಾಹ್ನ ರೋಣ. ಎರಡನೆಯ ದಿನ ಸೂಡಿ, ಸಂಜೆಗೆ ಕಾಲಕಾಲೇಶ್ವರ. ಮೂರೂ ತಾಲೂಕು ಊರುಗಳಾದ್ದರಿಂದ ಸರಕಾರಿ ಬಸ್ಸಿಗೆ ತೊಂದರೆಯಿಲ್ಲ. ಸೂಡಿಗೆ ಮಾತ್ರ ಹೊತ್ತು ವಿಚಾರಿಸಿಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಬಿಸಿಲು ತಡೆಯಲಾಗದು. ಜೋಳ ತೆನೆಬಿಟ್ಟ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಜೋಕಾಲಿ ಆಡಬೇಕೆನ್ನುವವರು ಶ್ರಾವಣ ಬಿಡಬೇಡಿ. ಎರೆ ಮಣ್ಣು ಮಳೆಗೆ ಚಪ್ಪಲಿಯನ್ನೇ ಹಿಡಿದುಕೊಳ್ಳುತ್ತದೆ. ಹಳೆಯ ಜೋಡು ಇರಲಿ. ಕುಂಡದ ಮೆಟ್ಟಿಲಿನಲ್ಲಿ, ಹಾಳು ಕೋಟೆಯ ಸಂದಿಯಲ್ಲಿ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ.

ಬುತ್ತಿಗೆ ಕಟಿರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಕಟ್ಟಿಕೊಳ್ಳಿ. ಉಂಡಿ ನಾಲ್ಕು ಹೆಚ್ಚೇ ಇರಲಿ. ಈ ಸೀಮೆಯಲ್ಲಿ ಬಸ್ಸಿನ ಪಕ್ಕದ ಸೀಟಿನವರಿಗೆ ಕೊಡದೆ ಒಬ್ಬರೇ ತಿಂದರೆ ಚೆನ್ನಾಗಿರುವುದಿಲ್ಲ.